ವಾಹನದ ಸಿಗ್ನಲ್ ಬೂಸ್ಟರ್: ಒಂದೂವರೆ ವರ್ಷದ ಬಳಕೆಯ ನಂತರ

ಜನವಸತಿಯಿಂದ ದೂರದ ದಾರಿಯಲ್ಲಿ ದಿನಗಟ್ಟಲೆ ಓಡಾಡುವವರಿಗೆ ಫೋನಿಗೆ ನೆಟ್‌ವರ್ಕ್ ಸಿಗುವುದು ಹರಟೆಗೆ ಬೇಕಾದ ಸೌಕರ್ಯವಲ್ಲ. ವಾಹನ ಕೆಟ್ಟು ನಿಂತಾಗ, ಜೊತೆಯಲ್ಲಿದ್ದವರಿಗೆ ಹುಷಾರು ತಪ್ಪಿದಾಗ, ಮುಂದಿನ ದಾರಿ ಮುಚ್ಚಿದೆಯೇ ಎಂದು ತಿಳಿಯಬೇಕಾದಾಗ ಒಂದು ಕರೆ ಹೋಗುವುದಕ್ಕೂ ಹೋಗದಿರುವುದಕ್ಕೂ ಇರುವ ವ್ಯತ್ಯಾಸ ಏನೆಂಬುದು ಅನುಭವಿಸಿದವರಿಗೆ ಗೊತ್ತು. ಆ ಕಾರಣಕ್ಕೇ ಒಂದೂವರೆ ವರ್ಷದ ಹಿಂದೆ ನನ್ನ ವಾಹನಕ್ಕೆ ಸಿಗ್ನಲ್ ಬೂಸ್ಟರ್ ಕಿಟ್ ಒಂದನ್ನು ಹಾಕಿಸಿದೆ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಬಗೆಯ ಕಿಟ್‌ಗಳೆಲ್ಲ ಕೆಲಸ ಮಾಡುವ ರೀತಿ ಒಂದೇ ಆದ್ದರಿಂದ ನಾನು ಕಂಡ ಗುಣದೋಷಗಳು ಬಹುಮಟ್ಟಿಗೆ ಉಳಿದವಕ್ಕೂ ಅನ್ವಯಿಸುತ್ತವೆ.

ಕಿಟ್‌ನಲ್ಲಿ ಇರುವುದು ಮೂರೇ ವಸ್ತು: ಛಾವಣಿಯ ಮೇಲೆ ಕೂರಿಸುವ ಅಯಸ್ಕಾಂತದ ತಳವಿರುವ ಆಂಟೆನಾ, ಸೀಟಿನ ಕೆಳಗೆ ಇಡುವ ಆಂಪ್ಲಿಫೈಯರ್ ಪೆಟ್ಟಿಗೆ, ಡ್ಯಾಶ್‌ಬೋರ್ಡಿನ ಬಳಿ ಅಂಟಿಸುವ ಚಪ್ಪಟೆ ಒಳ ಆಂಟೆನಾ. ಹೊರಗಿನ ಆಂಟೆನಾ ಟವರಿನ ಸಿಗ್ನಲ್ ಹಿಡಿಯುತ್ತದೆ, ಪೆಟ್ಟಿಗೆ ಅದನ್ನು ಹೆಚ್ಚಿಸುತ್ತದೆ, ಒಳ ಆಂಟೆನಾ ಅದನ್ನು ಫೋನಿಗೆ ತಲುಪಿಸುತ್ತದೆ. ಫೋನು ಕಳಿಸುವ ಸಿಗ್ನಲ್ ಇದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಪೆಟ್ಟಿಗೆ ನೋಡಲು ಆಕರ್ಷಕವಾಗಿದೆ, ಬೆಲೆಯ ಬಹುಪಾಲೂ ಅದರದ್ದೇ. ಆದರೆ ಕೆಲಸದ ಬಹುಪಾಲು ನಡೆಯುವುದು ಛಾವಣಿಯ ಮೇಲೆ ಎಂಬುದು ಬಳಸುತ್ತ ಬಳಸುತ್ತ ನನಗೆ ಖಚಿತವಾಗಿದೆ.

ಲೋಹದ ಕವಚದೊಳಗೆ ಕುಳಿತ ಫೋನಿಗೆ ರೇಡಿಯೊ ತರಂಗಗಳು ಮುಖ್ಯವಾಗಿ ಕಿಟಕಿಗಳ ಮೂಲಕವೇ ಬರಬೇಕು. ಬಿಸಿಲಿನ ಶಾಖ ತಡೆಯಲು ಗಾಜಿಗೆ ಲೋಹದ ತೆಳು ಲೇಪ ಕೊಟ್ಟಿದ್ದರೆ ಆ ದಾರಿಯೂ ಕಿರಿದಾಗುತ್ತದೆ. ಅದರ ಮೇಲೆ ನಾವು ಫೋನನ್ನು ಗೇರಿನ ಪಕ್ಕದ ತಗ್ಗಿನಲ್ಲೋ ಕಿಸೆಯಲ್ಲೋ ಇಟ್ಟಿರುತ್ತೇವೆ. ಟವರ್ ಹತ್ತಿರ ಇರುವಲ್ಲಿ ಈ ನಷ್ಟ ಗಮನಕ್ಕೇ ಬರುವುದಿಲ್ಲ. ಸಿಗ್ನಲ್ಲಿನ ಅಂಚಿನಲ್ಲಿರುವಾಗ ಮಾತ್ರ ಅದೇ ನಷ್ಟ ಕರೆಯನ್ನು ಕಡಿದು ಹಾಕುತ್ತದೆ.

ಬೂಸ್ಟರಿನ ಪ್ರಯೋಜನವನ್ನು ಪರದೆಯ ಮೇಲಿನ ಗೆರೆಗಳಿಂದ ಅಳೆಯಬಾರದು. ಎಷ್ಟು ಸಿಗ್ನಲ್ಲಿಗೆ ಎಷ್ಟು ಗೆರೆ ಎಂಬುದನ್ನು ಫೋನ್ ತಯಾರಕರು ತಮತಮಗೆ ತೋಚಿದಂತೆ ನಿರ್ಧರಿಸಿರುತ್ತಾರೆ. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಕುರಿತ ವಿವರಗಳ ಜೊತೆಗೆ ಸಿಗ್ನಲ್ಲಿನ ಬಲವನ್ನು ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ಗಳಲ್ಲಿ ಹೇಳುವ ಶಕ್ತಿ) ಲೆಕ್ಕದಲ್ಲಿ ತೋರಿಸಿರುತ್ತಾರೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷಾ ಪುಟ ತೆರೆಯುತ್ತದೆ. ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿ ಜಾಲದಲ್ಲಿ ಮೈನಸ್ 80ರ ಆಸುಪಾಸು ಬಲವಾದ ಸಿಗ್ನಲ್, ಮೈನಸ್ 100 ದಾಟಿದರೆ ದುರ್ಬಲ, ಮೈನಸ್ 115 ದಾಟಿದ ಮೇಲೆ ಕರೆ ಕಡಿದು ಹೋಗದೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ಈ ಲೆಕ್ಕದಲ್ಲಿ 3 ಏರಿದರೆ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು.

ನಾನು ಒಂದೇ ಜಾಗದಲ್ಲಿ ವಾಹನ ನಿಲ್ಲಿಸಿ, ಪ್ರತಿ ಸ್ಥಿತಿಯಲ್ಲಿಯೂ ಕೆಲವು ನಿಮಿಷ ಕಾದು, ಸಂಖ್ಯೆಗಳನ್ನು ಬರೆದುಕೊಂಡೆ. ಸೀಟಿನ ಮೇಲೆ ಮಲಗಿಸಿದ ಫೋನು ಮೈನಸ್ 116ರ ಸುತ್ತ ಓಲಾಡುತ್ತಿತ್ತು. ಹೊರಗಿಳಿದು ಅದೇ ಫೋನನ್ನು ಛಾವಣಿಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿದಾಗ ಮೈನಸ್ 107. ಬೂಸ್ಟರ್ ಹಾಕಿ ಒಳ ಆಂಟೆನಾದ ಪಕ್ಕ ಇಟ್ಟಾಗ ಮೈನಸ್ 96. ಮೊದಲಿನದಕ್ಕೂ ಕೊನೆಯದಕ್ಕೂ 20 ಡೆಸಿಬೆಲ್ ಅಂತರ, ಅಂದರೆ ನೂರು ಪಟ್ಟು. ಆದರೆ ಈ ನೂರು ಪಟ್ಟನ್ನು ಎಚ್ಚರದಿಂದ ಓದಬೇಕು. ಪೆಟ್ಟಿಗೆ ಸಿಗ್ನಲ್ಲಿನ ಜೊತೆಗೆ ಆಂಟೆನಾಕ್ಕೆ ಬಂದ ಗದ್ದಲವನ್ನೂ (ಬೇಡದ ರೇಡಿಯೊ ತರಂಗಗಳನ್ನೂ) ಅಷ್ಟೇ ಹೆಚ್ಚಿಸುತ್ತದೆ, ಜೊತೆಗೆ ತನ್ನದಿಷ್ಟು ಗದ್ದಲ ಸೇರಿಸುತ್ತದೆ. ಆದ್ದರಿಂದ ಬಲ ತೋರಿಸುವ ಸಂಖ್ಯೆ ಏರಿದಷ್ಟು ಗುಣಮಟ್ಟ (ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಎಂಬುದು) ತೋರಿಸುವ ಸಂಖ್ಯೆ ಏರುವುದಿಲ್ಲ. ಗುಣಮಟ್ಟ ನಿಜವಾಗಿ ಸುಧಾರಿಸುವುದು ಆಂಟೆನಾ ಲೋಹದ ಕವಚದಿಂದ ಹೊರಗೆ, ಎತ್ತರದಲ್ಲಿ ಇರುವುದರಿಂದ.

ಪೆಟ್ಟಿಗೆಯ ದೊಡ್ಡ ಉಪಕಾರ ಇರುವುದು ಎದುರು ದಿಕ್ಕಿನಲ್ಲಿ. ಟವರಿನ ಪ್ರಸಾರ ಶಕ್ತಿ ಫೋನಿನದಕ್ಕಿಂತ ಬಹಳ ಹೆಚ್ಚು. 4ಜಿ ಫೋನು ಸಾಮಾನ್ಯವಾಗಿ ಕಳಿಸಬಲ್ಲದ್ದು ಗರಿಷ್ಠ 23 ಡಿಬಿಎಂ, ಅಂದರೆ ಒಂದು ವ್ಯಾಟ್‌ನ ಐದನೆಯ ಒಂದು ಭಾಗ. ಪರದೆಯ ಮೇಲೆ ನೆಟ್‌ವರ್ಕ್ ಕಾಣಿಸಿದರೂ ಕರೆ ಹೋಗುವುದಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ: ಟವರಿನ ಮಾತು ನಮಗೆ ಕೇಳುತ್ತಿದೆ, ನಮ್ಮದು ಅದಕ್ಕೆ ಕೇಳುತ್ತಿಲ್ಲ. ಬೂಸ್ಟರ್ ಹಾಕಿದ ಮೇಲೆ ನನ್ನ ಫೋನಿನ ಬ್ಯಾಟರಿ ದೂರದ ದಾರಿಯಲ್ಲಿ ಮೊದಲಿನಷ್ಟು ಬೇಗ ಇಳಿಯುತ್ತಿಲ್ಲ. ಪೂರ್ತಿ ಶಕ್ತಿ ಹಾಕಿ ಕೂಗಬೇಕಾದ ಅಗತ್ಯ ಅದಕ್ಕೀಗ ಇಲ್ಲ.

ಮೊದಲ ತಿಂಗಳು ಮಾತ್ರ ನನಗೆ ತೃಪ್ತಿ ಸಿಗಲಿಲ್ಲ. ಅಳವಡಿಸಿದ ಅಂಗಡಿಯವರು ಕೇಬಲ್ಲನ್ನು ಹಿಂಬದಿಯ ಬಾಗಿಲಿನಿಂದ ಒಳಗೆ ತರುವುದು ಸುಲಭವೆಂದು ಆಂಟೆನಾವನ್ನು ಛಾವಣಿಯ ಹಿಂದಿನ ಅಂಚಿನಲ್ಲೇ ಕೂರಿಸಿದ್ದರು. ಪೆಟ್ಟಿಗೆಯ ಹಸಿರು ದೀಪ ಆಗಾಗ ಕೆಂಪಾಗುತ್ತಿತ್ತು, ಆಗ ಸಿಗ್ನಲ್ ಮೊದಲಿದ್ದಲ್ಲಿಗೇ ಬೀಳುತ್ತಿತ್ತು. ಕಾರಣ ಸಭಾಂಗಣದಲ್ಲಿ ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿದಾಗ ಬರುವ ಕೀರಲು ಸದ್ದಿನದೇ. ಒಳ ಆಂಟೆನಾ ಹೊರಸೂಸಿದ್ದು ಹಿಂದಿನ ಗಾಜಿನ ಮೂಲಕ ಹೊರಗಿನ ಆಂಟೆನಾಕ್ಕೆ ತಲುಪಿ ಮತ್ತೆ ಮತ್ತೆ ಸುತ್ತತೊಡಗುತ್ತದೆ. ಅದನ್ನು ಗ್ರಹಿಸಿದ ಪೆಟ್ಟಿಗೆ, ಟವರಿಗೆ ತೊಂದರೆ ಆಗದಿರಲೆಂದು, ತನ್ನ ಗೇನ್ (ಸಿಗ್ನಲ್ಲನ್ನು ಹೆಚ್ಚಿಸುವ ಪ್ರಮಾಣ) ತಗ್ಗಿಸಿಕೊಳ್ಳುತ್ತದೆ. ಒಂದು ಮುಂಜಾನೆ ನಾನೇ ಏಣಿ ಹತ್ತಿ ಆಂಟೆನಾವನ್ನು ಛಾವಣಿಯ ನಟ್ಟನಡುವೆ ತಂದಿಟ್ಟೆ. ಸಾಮಾನು ಕಟ್ಟುವ ಕಂಬಿಗಳಿಂದ ಒಂದು ಮೊಳ ದೂರ. ಕೆಳಗಿಳಿದು ನೋಡುವಷ್ಟರಲ್ಲಿ ದೀಪ ಹಸಿರಾಗಿತ್ತು, ಆಮೇಲೆ ಕೆಂಪಾದದ್ದು ಅಪರೂಪ. ಛಾವಣಿಯ ಲೋಹವೇ ಎರಡೂ ಆಂಟೆನಾಗಳ ನಡುವೆ ತಡೆಗೋಡೆಯಾಗುತ್ತದೆ. ಅಷ್ಟೇ ಅಲ್ಲ, ಇಂಥ ಗಿಡ್ಡ ಆಂಟೆನಾಕ್ಕೆ ಕೆಳಗಿನ ಲೋಹದ ಹರವು ತನ್ನದೇ ಅಂಗದಂತೆ ಬೇಕು. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್, ಅದರ ಕಾಲುಭಾಗದ ಕಡ್ಡಿ ಸುಮಾರು 8 ಸೆಂಟಿಮೀಟರ್. ಸುತ್ತಲೂ ಕನಿಷ್ಠ ಅಷ್ಟಾದರೂ ಲೋಹ ಹರಡಿರಬೇಕು. ಫೈಬರ್ ಗಾಜಿನ ಅಥವಾ ಅಲ್ಯೂಮಿನಿಯಂ ಛಾವಣಿಗೆ ಅಯಸ್ಕಾಂತ ಅಂಟುವುದೇ ಇಲ್ಲ ಎಂಬುದನ್ನು ಕೊಳ್ಳುವ ಮುನ್ನ ನೆನಪಿಡಬೇಕು.

ಆಂಟೆನಾದ ಉದ್ದದ ಬಗೆಗೂ ತಪ್ಪು ತಿಳಿವಳಿಕೆ ಇದೆ. ಹೆಚ್ಚು ಗೇನ್ ಇರುವ ಉದ್ದನೆಯ ಆಂಟೆನಾ ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಇದ್ದ ಶಕ್ತಿಯನ್ನು ದಿಗಂತದ ಕಡೆಗೆ ಒತ್ತಿ ಚಪ್ಪಟೆ ಮಾಡುತ್ತದೆ. ಬಯಲಿನಲ್ಲಿ ಅದು ದೂರ ಮುಟ್ಟುತ್ತದೆ. ಬೆಟ್ಟಗುಡ್ಡಗಳ ನಡುವೆ, ಟವರ್ ಮೇಲಿನ ದಿಬ್ಬದಲ್ಲಿದ್ದು ವಾಹನ ಕೆಳಗೆ ಓರೆಯಾಗಿ ಸಾಗುವಾಗ, ಗೇನ್ ಕಡಿಮೆ ಇರುವ ಗಿಡ್ಡ ಆಂಟೆನಾವೇ ಮೇಲು. ನನ್ನ ದಾರಿಗಳು ಹೆಚ್ಚಾಗಿ ಗುಡ್ಡಗಳವು, ಆದ್ದರಿಂದ ಕಿಟ್‌ನ ಗಿಡ್ಡ ಆಂಟೆನಾವನ್ನೇ ಉಳಿಸಿಕೊಂಡಿದ್ದೇನೆ.

ಕೇಬಲ್ ವಿಷಯದಲ್ಲಿ ಈ ಕಿಟ್‌ಗೆ ಒಳ್ಳೆಯ ಅಂಕ ಕೊಡಲಾರೆ. ಜೊತೆಗೆ ಬಂದದ್ದು ತೆಳುವಾದ ಆರ್‌ಜಿ-58 ಜಾತಿಯದು, ಅದೂ ಅಗತ್ಯಕ್ಕಿಂತ ಉದ್ದ. 900 ಮೆಗಾಹರ್ಟ್ಸ್‌ನಲ್ಲಿ ಅಂಥ ಕೇಬಲ್ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ನುಂಗುತ್ತದೆ. 5 ಮೀಟರ್ ಕಳೆಯುವಷ್ಟರಲ್ಲಿ ಬಂದ ಶಕ್ತಿಯ ಅರ್ಧದ ಸಮೀಪ ಹೋಗಿರುತ್ತದೆ, 1800 ಮೆಗಾಹರ್ಟ್ಸ್‌ನಲ್ಲಿ ನಷ್ಟ ಇನ್ನೂ ಹೆಚ್ಚು. ಪೆಟ್ಟಿಗೆಗೆ ಮುಟ್ಟುವ ಮೊದಲೇ ಕಳೆದುಹೋದ ಗುಣಮಟ್ಟವನ್ನು ಪೆಟ್ಟಿಗೆ ಮರಳಿ ತರಲಾರದು. ಒಂದು ದೊಡ್ಡ ಮಳೆಯ ನಂತರ ಸಿಗ್ನಲ್ ದಿನೇ ದಿನೇ ಇಳಿಯುತ್ತ ಬಂತು. ಆಂಟೆನಾದ ಬುಡದ ಜೋಡಣೆ ಬಿಚ್ಚಿದರೆ ಒಳಗಿನ ತಾಮ್ರದ ಹೆಣಿಗೆ ಹಸಿರು ಕಿಲುಬು ಹಿಡಿದು ಬೆರಳಿಗೆ ಪುಡಿಯಾಗಿ ಉದುರಿತು. ಬಾಗಿಲ ರಬ್ಬರಿನ ಕೆಳಗೆ ಸಿಕ್ಕಿಕೊಂಡ ಜಾಗದಲ್ಲಿ ಕೇಬಲ್ ಚಪ್ಪಟೆಯಾಗಿತ್ತು. ಮಾರಿದವರು ಇದು ಖಾತರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಕೊನೆಗೆ ಕಡಿಮೆ ನಷ್ಟದ ದಪ್ಪ ಕೇಬಲ್ಲನ್ನು ಬೇಕಾದಷ್ಟೇ ಉದ್ದಕ್ಕೆ ಹಾಕಿಸಿ, ಜೋಡಣೆಯ ಮೇಲೆ ನೀರು ಇಳಿಯದ ರಬ್ಬರ್ ಟೇಪ್ ಸುತ್ತಿದೆ. ಪೆಟ್ಟಿಗೆಯನ್ನು ಮುಟ್ಟದೆಯೇ ಆ ದಿನ ಸಿಕ್ಕ ಸುಧಾರಣೆ ಕಣ್ಣಿಗೆ ಕಾಣುವಂತಿತ್ತು.

ಇಡೀ ವಾಹನಕ್ಕೆ ಸಿಗ್ನಲ್ ಕೊಡುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಹೊರಗಿನ ಸಿಗ್ನಲ್ ತೀರಾ ಕ್ಷೀಣವಾಗಿರುವಾಗ ಒಳ ಆಂಟೆನಾದ ಪ್ರಭಾವ ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ. ಹಿಂದಿನ ಸೀಟಿನವರಿಗೆ ನಮ್ಮಲ್ಲಿ ಏನೂ ಸಿಗಲಿಲ್ಲ. ಫೋನನ್ನು ಒಳ ಆಂಟೆನಾದ ಪಕ್ಕದ ಹಿಡಿಕೆಯಲ್ಲೇ ಬಿಟ್ಟು ಬ್ಲೂಟೂತ್ ಮೂಲಕ ಮಾತನಾಡುವುದು ಒಳ್ಳೆಯ ಉಪಾಯ.

ಇಂಟರ್ನೆಟ್ಟೇ ಮುಖ್ಯವಾದರೆ ಬೂಸ್ಟರಿಗಿಂತ ಹೊರ ಆಂಟೆನಾಗಳನ್ನು ಜೋಡಿಸಬಹುದಾದ 4ಜಿ ರೌಟರ್ ಉತ್ತಮ ಎಂಬುದು ನನ್ನ ಅಭಿಪ್ರಾಯ. 4ಜಿ ಜಾಲ ಎರಡು ಅಥವಾ ಹೆಚ್ಚು ಆಂಟೆನಾಗಳ ಮೂಲಕ ಏಕಕಾಲಕ್ಕೆ ಬೇರೆ ಬೇರೆ ದತ್ತಾಂಶ ಕಳಿಸುತ್ತದೆ, ಆದರೆ ಒಂದೇ ಹೊರ ಆಂಟೆನಾದ ಬೂಸ್ಟರ್ ಒಂದೇ ಧಾರೆಯನ್ನು ಒಳಗೆ ಬಿಡುತ್ತದೆ. ಸಿಗ್ನಲ್ ಸಾಧಾರಣವಾಗಿ ಇರುವಲ್ಲಿ ಬೂಸ್ಟರನ್ನು ಆಫ್ ಮಾಡಿದಾಗ ನನ್ನ ಡೇಟಾ ವೇಗ ಹೆಚ್ಚಾದದ್ದೂ ಉಂಟು. ವೈಫೈ ಕರೆಯ ಸೌಲಭ್ಯ ಇರುವ ಫೋನಾದರೆ ರೌಟರಿನ ಮೂಲಕ ಮಾತನ್ನೂ ಆಡಬಹುದು.

ಕೊಳ್ಳುವ ಮುನ್ನ ಕಾನೂನು ತಿಳಿದುಕೊಳ್ಳುವುದು ಕಡ್ಡಾಯ, ಏಕೆಂದರೆ ಕೆಟ್ಟ ಬೂಸ್ಟರ್ ಒಂದು ಇಡೀ ಟವರಿನ ಬಳಕೆದಾರರಿಗೆ ಅಡ್ಡಿಯಾಗಬಲ್ಲದು. ಅಮೆರಿಕದಲ್ಲಿ ಎಲ್ಲ ಕಂಪನಿಗಳ ಸಿಗ್ನಲ್ ಹೆಚ್ಚಿಸುವ ವಾಹನದ ಬೂಸ್ಟರಿಗೆ 50 ಡೆಸಿಬೆಲ್ ಗೇನ್ ಮಿತಿಯಿದೆ, ಅದನ್ನು ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಬೇಕು. ಆಸ್ಟ್ರೇಲಿಯದಲ್ಲಿ ಕಂಪನಿಯ ಅನುಮತಿ ಇರಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಇಲ್ಲದ, ರೌಟರಿಗೆ ನೇರವಾಗಿ ಜೋಡಿಸುವ ಆಂಟೆನಾದ ದಾರಿ ಈ ದೃಷ್ಟಿಯಿಂದಲೂ ಯೋಚಿಸತಕ್ಕದ್ದು.

ಇನ್ನು, ಸಿಗ್ನಲ್ ಸ್ವಲ್ಪವೂ ಇಲ್ಲದ ಕಡೆ ಬೂಸ್ಟರ್ ಹೆಚ್ಚಿಸುವುದಕ್ಕೆ ಏನೂ ಇರುವುದಿಲ್ಲ. 2ಜಿ ಜಾಲದಲ್ಲಿ ಸಿಗ್ನಲ್ ಎಷ್ಟೇ ಸ್ಪಷ್ಟವಾಗಿದ್ದರೂ ಸಮಯದ ಲೆಕ್ಕಾಚಾರದ ಕಾರಣ ಸಾಮಾನ್ಯ ವ್ಯವಸ್ಥೆಯಲ್ಲಿ 35 ಕಿಲೋಮೀಟರ್ ಆಚೆಗೆ ಕರೆ ಸಾಧ್ಯವಿಲ್ಲ. ಜೀವಕ್ಕೆ ಸಂಬಂಧಿಸಿದ ಸಂದರ್ಭಕ್ಕೆ ಬೂಸ್ಟರನ್ನೇ ನೆಚ್ಚಿಕೊಳ್ಳುವುದು ತಪ್ಪು. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ತುರ್ತು ಸಂದೇಶ ಕಳಿಸುವ ಬೀಕನ್ ಅಥವಾ 2022ರ ಐಫೋನ್ 14ರಿಂದ ಬಂದಿರುವಂಥ ಉಪಗ್ರಹ ತುರ್ತು ಸೌಲಭ್ಯ ಜೊತೆಗಿರಲಿ. ತುರ್ತು ಕರೆಯನ್ನು ಸಾಮಾನ್ಯವಾಗಿ ಸಿಕ್ಕ ಯಾವ ಕಂಪನಿಯ ಜಾಲವಾದರೂ ಒಯ್ಯುತ್ತದೆ, ಆದ್ದರಿಂದ ನಮ್ಮ ಕಂಪನಿಯ ಗೆರೆ ಕಾಣದಿದ್ದರೂ ಪ್ರಯತ್ನಿಸಲೇಬೇಕು.

ಈಚೆಗೆ ಒಂದು ಕಣಿವೆಯ ತಳದಲ್ಲಿ ನನಗೆ ಏನೂ ಸಿಗಲಿಲ್ಲ. ಪೆಟ್ಟಿಗೆಯ ದೀಪ ಹಸಿರಾಗಿಯೇ ಇತ್ತು, ಪರದೆ ಖಾಲಿ. ಸುಮಾರು ಎರಡು ಕಿಲೋಮೀಟರ್ ಏರು ಹತ್ತಿ, ಎದುರಿನ ಗುಡ್ಡ ಅಡ್ಡ ಬಾರದಂತೆ ವಾಹನವನ್ನು ದಾರಿಯ ಅಂಚಿಗೆ ನಿಲ್ಲಿಸಿದೆ. ಮೈನಸ್ 118 ಬಂತು, ಕರೆ ಕಡಿದು ಹೋಯಿತು. ವಾಹನವನ್ನು ಒಂದು ಮಾರು ಮುಂದಕ್ಕೆ ಸರಿಸಿದೆ. ಮೈನಸ್ 109. ತಲುಪುವುದು ತಡವಾಗುತ್ತದೆ ಎಂದು ಬರೆದಿಟ್ಟಿದ್ದ ಸಂದೇಶ ಹೋಯಿತು, ಐದು ನಿಮಿಷದಲ್ಲಿ ಮನೆಯಿಂದ ಉತ್ತರವೂ ಬಂತು.