ಡಯಲ್, ವೃತ್ತ, ಬಾಲ್‌ಬಾರ್: ಬ್ಯಾಕ್‌ಲ್ಯಾಶ್ ಹಿಡಿಯುವುದು ಯಾವುದು?

ಯಂತ್ರದ ಅಕ್ಷ ದಿಕ್ಕು ಬದಲಿಸಿದಾಗ ಸ್ಕ್ರೂ, ನಟ್, ಬೇರಿಂಗ್‌ಗಳ ಸಡಿಲಿಕೆಯಿಂದ ಟೇಬಲ್ ತುಸು ಹಿಂದುಳಿಯುವುದೇ ಬ್ಯಾಕ್‌ಲ್ಯಾಶ್. ಅದನ್ನು ಅಳೆಯಲು ಬಾಲ್‌ಬಾರ್ (ಯಂತ್ರ ವೃತ್ತ ಸುತ್ತುವಾಗ ತ್ರಿಜ್ಯದ ಏರುಪೇರನ್ನು ಅಳೆಯುವ ಸರಳು) ತರಿಸುವ ಮುಂಚೆ ಒಂದು ಒಳ್ಳೆಯ ಪಪ್ಪಿ ಡಯಲ್ (ಸನ್ನೆಯಂತೆ ಅಲುಗುವ ತುದಿಯ ಸಣ್ಣ ಡಯಲ್ ಗೇಜ್) ಕೊಳ್ಳಿ ಎಂದೇ ಹಳೆಯ ವಿಎಂಸಿ (ಕಂಪ್ಯೂಟರ್ ನಿಯಂತ್ರಣದ ಲಂಬ ಮಿಲ್ಲಿಂಗ್ ಯಂತ್ರ) ಇಟ್ಟುಕೊಂಡವರಿಗೆ ಹೇಳುತ್ತೇನೆ. ಫ್ಯಾನುಕ್ ಕಂಟ್ರೋಲ್ ಇರುವ ನಮ್ಮ ಯಂತ್ರದ ಎಕ್ಸ್ ಅಕ್ಷದ ಮೇಲೆ ಮೂರನ್ನೂ ಪ್ರಯೋಗಿಸಿ ನೋಡಿದ ಮೇಲಿನ ಮಾತಿದು.

ಸಾಮಾನ್ಯವಾಗಿ ಕೈಗೆ ಸಿಗುವುದು 0.01 ಮಿ.ಮೀ. ಪ್ಲಂಜರ್ ಡಯಲ್. ಹತ್ತಿಪ್ಪತ್ತು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.) ಹುಡುಕುವಾಗ ಅದರಲ್ಲಿ ಓದುವುದಕ್ಕಿಂತ ಊಹಿಸುವುದೇ ಹೆಚ್ಚು. 0.002ರ ಪಪ್ಪಿ ಡಯಲ್ ಇಲ್ಲಿ ಸುಲಭವಾಗಿ ಗೆಲ್ಲುತ್ತದೆ. ಮೊದಲು ಕಂಟ್ರೋಲ್‌ನ 1851ನೇ ಪ್ಯಾರಾಮೀಟರ್‌ನಲ್ಲಿರುವ ಬ್ಯಾಕ್‌ಲ್ಯಾಶ್ ತಿದ್ದುಪಡಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಸೊನ್ನೆ ಮಾಡಬೇಕು. ಇಲ್ಲವಾದರೆ ಅಳೆಯುವುದು ಹಳೆಯ ತಿದ್ದುಪಡಿಯ ನಂತರ ಉಳಿದಿದ್ದನ್ನು ಮಾತ್ರ. ಒಂದೇ ದಿಕ್ಕಿನಿಂದ ಬಂದು ಡಯಲ್ ಸೊನ್ನೆ ಮಾಡಿ, ಅದೇ ದಿಕ್ಕಿನಲ್ಲಿ 0.1 ಮಿ.ಮೀ. ಮುಂದೆ ಹೋಗಿ, ಮತ್ತೆ ಅದೇ ಸ್ಥಾನಕ್ಕೆ ಹಿಂದಿರುಗಿದಾಗ ಮುಳ್ಳು ತೋರಿಸುವ ವ್ಯತ್ಯಾಸವೇ ಬ್ಯಾಕ್‌ಲ್ಯಾಶ್. ನಮ್ಮಲ್ಲಿ ಟೇಬಲ್‌ನ ತುದಿಗಳಲ್ಲಿ 30 ಮೈಕ್ರಾನ್, ನಡುವೆ 46. ಜಾಬ್ ಹಿಡಿಯುವ ವೈಸ್ ಸದಾ ನಡುವೆಯೇ ಕೂತಿದ್ದರೆ ಟೇಬಲ್ ನಡೆಸುವ ಬಾಲ್ ಸ್ಕ್ರೂ ಅಲ್ಲಿಯೇ ಸವೆಯದೆ ಇನ್ನೆಲ್ಲಿ ಸವೆದೀತು?

ಇನ್ನೊಂದು ಮಾರ್ಗ ವೃತ್ತ ಕೊರೆಯುವುದು. ಅಲ್ಯೂಮಿನಿಯಂ ತುಂಡಿನಲ್ಲಿ 60 ಮಿ.ಮೀ. ಬೋರ್ (ದುಂಡು ರಂಧ್ರ) ಅನ್ನು ಎಂಡ್ ಮಿಲ್ ಕಟರ್‌ನಿಂದ ಸುತ್ತಿಸಿ, ಬೋರ್ ಡಯಲ್‌ನಿಂದ ಅಳೆಯುವುದು. ಅಕ್ಷ ದಿಕ್ಕು ಬದಲಿಸುವ ಜಾಗದಲ್ಲಿ ಉಗುರಿಗೆ ತಾಕುವ ಮೆಟ್ಟಿಲು ಸಿಗುತ್ತದೆ. ಕಟಿಂಗ್ ಭಾರದಲ್ಲಿ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುವುದು ಮೂರರಲ್ಲಿ ಇದೊಂದೇ. ಆದರೆ ಅಕ್ಷಗಳ ಲಂಬತೆಯ ದೋಷ, ಸರ್ವೋ (ಅಕ್ಷ ನಡೆಸುವ ಮೋಟಾರ್) ಹೊಂದಾಣಿಕೆ, ಬ್ಯಾಕ್‌ಲ್ಯಾಶ್ ಎಲ್ಲವೂ ಒಂದೇ ಬೋರಿನಲ್ಲಿ ಕಲಸಿಹೋಗುತ್ತವೆ.

ಬಾಲ್‌ಬಾರ್ ಅವನ್ನು ಬಿಡಿಸಿ ತೋರಿಸುತ್ತದೆ. 100 ಮಿ.ಮೀ. ತ್ರಿಜ್ಯದಲ್ಲಿ ಎರಡೂ ದಿಕ್ಕಿಗೆ ಸುತ್ತಿ ಗ್ರಾಫ್ ಕೊಡುತ್ತದೆ. ನಮ್ಮ ಯಂತ್ರದ ಲಂಬತೆ ತುಸು ತಪ್ಪಿದೆ ಎಂದು ಗೊತ್ತಾದದ್ದು ಅದರಿಂದಲೇ. ಬ್ಯಾಕ್‌ಲ್ಯಾಶ್ ಮಾತ್ರ ಹೆಚ್ಚುಕಡಿಮೆ ಡಯಲ್ ಹೇಳಿದಷ್ಟೇ ಬಂತು. ಅದು ಹುಟ್ಟುತ್ತಿರುವುದು ನಟ್‌ನಲ್ಲೋ ಬೇರಿಂಗ್‌ನಲ್ಲೋ ಎಂಬುದನ್ನು ಬಾಡಿಗೆಯ ಆ ಉಪಕರಣವೂ ಹೇಳಲಿಲ್ಲ.

ಅದನ್ನು ಹೇಳಿದ್ದು ಒಂದು ಉಕ್ಕಿನ ಗುಂಡು ಮತ್ತು ಚಿಟಿಕೆ ಗ್ರೀಸ್. ಬಾಲ್ ಸ್ಕ್ರೂವಿನ ಕವರ್ ಬಿಚ್ಚಿ, ತುದಿಯ ಸೆಂಟರ್ ರಂಧ್ರದಲ್ಲಿ ಗ್ರೀಸ್ ಹಚ್ಚಿ ಗುಂಡನ್ನು ಕೂರಿಸಿ, ಚಪ್ಪಟೆ ತುದಿಯ ಡಯಲನ್ನು ಅದಕ್ಕೆ ತಾಗಿಸಬೇಕು. ಸ್ಕ್ರೂ ತಿರುಗಿದರೆ ಮುಳ್ಳು ಅಲುಗಬಾರದು. ದಿಕ್ಕು ಬದಲಿಸಿದಾಗ ಅದು ಜಿಗಿದರೆ ಸ್ಕ್ರೂವೇ ಉದ್ದಕ್ಕೆ ಆಡುತ್ತಿದೆ, ಅಂದರೆ ಥ್ರಸ್ಟ್ ಬೇರಿಂಗ್ ಅಥವಾ ಅದರ ಲಾಕ್ ನಟ್ ಸಡಿಲ. ಮುಳ್ಳು ನಿಂತೇ ಇದ್ದು ಟೇಬಲ್ ಮಾತ್ರ ಹಿಂದುಳಿದರೆ ಬಾಲ್ ನಟ್ ಅಥವಾ ಸ್ಕ್ರೂವನ್ನು ಮೋಟಾರಿಗೆ ಜೋಡಿಸುವ ಕಪ್ಲಿಂಗ್ ಕಡೆ ನೋಡಬೇಕು. ನಮ್ಮಲ್ಲಿ 18 ಮೈಕ್ರಾನ್ ಜಿಗಿಯಿತು. ಲಾಕ್ ನಟ್ ಬಿಗಿಯಾದ ಮೇಲೆ ತುದಿಗಳಲ್ಲಿ 12, ನಡುವೆ 28 ಉಳಿಯಿತು.

ಇನ್ನು ಪ್ಯಾರಾಮೀಟರ್. 1851ರಲ್ಲಿ 28 ತುಂಬಿದರೆ ತುದಿಗಳಲ್ಲಿ ಅತಿಯಾಗುತ್ತದೆ. 12 ತುಂಬಿದರೆ ನಡುವೆ ಕೊರತೆ. ನಾನು 12 ಇಟ್ಟೆ. ಅತಿ ತಿದ್ದುಪಡಿಗಿಂತ ಅಲ್ಪ ತಿದ್ದುಪಡಿ ವಾಸಿ. ಜೊತೆಗೆ, ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಕಟರ್ ಹಲ್ಲು ತಿರುಗುವ ದಿಕ್ಕಿಗೇ ಜಾಬ್ ಸಾಗುವ ಕಟಿಂಗ್) ಕಟರ್ ಟೇಬಲನ್ನು ತನ್ನತ್ತ ಎಳೆದಾಗ ಯಾವ ಸಂಖ್ಯೆಯೂ ಅದನ್ನು ತಡೆಯುವುದಿಲ್ಲ. ಯಾಂತ್ರಿಕ ಸಡಿಲಿಕೆಯನ್ನು ಬಿಟ್ಟು ಕಂಟ್ರೋಲ್‌ನಲ್ಲಿ ಸಂಖ್ಯೆ ಏರಿಸುತ್ತಾ ಹೋಗುವವರನ್ನು ನಾನು ನಂಬುವುದಿಲ್ಲ.

ರಂಧ್ರಗಳ ಸ್ಥಾನ ಮಾತ್ರ ಮುಖ್ಯವಾದಾಗ ಪ್ರೋಗ್ರಾಂನಲ್ಲಿ ಜಿ60 ಆದೇಶ ಚೆನ್ನ: ಪ್ರತಿ ಬಾರಿಯೂ ಒಂದೇ ದಿಕ್ಕಿನಿಂದ ಬಂದು ನಿಲ್ಲುತ್ತದೆ, ಸಮಯ ಮಾತ್ರ ಹಿಡಿಯುತ್ತದೆ. ಕಾಂಟೂರ್‌ಗೆ (ಆಕಾರದ ಅಂಚು ಕೊರೆಯುವುದಕ್ಕೆ) ಉಪಯೋಗವಿಲ್ಲ. ಹೊಸ ಸ್ಕ್ರೂ ಬರುವ ತನಕ ನಾವು ವೈಸನ್ನು ಟೇಬಲ್‌ನ ಎಡಕ್ಕೆ ಸರಿಸಿ ಕೂರಿಸಿದ್ದೇವೆ. ನಿಖರ ಬೋರ್ ಇರುವ ಜಾಬ್‌ಗಳು ಅಲ್ಲೇ ನಡೆಯುತ್ತಿವೆ.