ಮೂರು ವರ್ಷ ಬಳಸಿದ 60 ವ್ಯಾಟ್ ಸೋಲ್ಡರಿಂಗ್ ಐರನ್: ಬ್ಯಾಟರಿ ಪ್ಯಾಕ್ ಕೆಲಸಕ್ಕೆ ಹೇಗಿದೆ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡದ್ದು, ಹಿಡಿಯಲ್ಲೇ ಬಿಸಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ಇದೆ. ಕಂಪನಿ ಹೆಸರು ಬೇಡ, ಇಂಥದ್ದೇ ಹತ್ತು ಹೆಸರಲ್ಲಿ ಸಿಗುತ್ತವೆ.

ಮುಂಚೆ ಇದ್ದದ್ದು ಮಾಮೂಲಿ 25 ವ್ಯಾಟ್‌ನದು. ಟ್ರಿಮ್ಮರ್‌ನ ನಿಕಲ್ ಸೆಲ್‌ಗೆ (ಚಾರ್ಜ್ ಮಾಡಿ ಬಳಸುವ ಒಂದು ಬಗೆ) ಅದರಲ್ಲೇ ವೈರ್ ಹಾಕಲು ಹೋಗಿ ಸೆಲ್ ಕೆಡಿಸಿದೆ. ಐರನ್ ಚಿಕ್ಕದಿದ್ದರೆ ಸೆಲ್‌ಗೆ ಒಳ್ಳೆಯದು ಅಂದುಕೊಂಡಿದ್ದೆ, ಆಗುವುದು ಉಲ್ಟಾ. ಸೆಲ್‌ನ ಉಕ್ಕಿನ ಡಬ್ಬಿ ಬಿಸಿ ಹೀರಿಕೊಂಡು ಮೊನೆ ತಣ್ಣಗಾಗುತ್ತದೆ, ಸೋಲ್ಡರ್ (ಬೆಸುಗೆಯ ಲೋಹ) ಹಿಡಿಯುವುದಿಲ್ಲ, ನಾವು ಒತ್ತಿ ಹಿಡಿದು ಕೂರುತ್ತೇವೆ, ಅಷ್ಟರಲ್ಲಿ ಬಿಸಿ ಒಳಗಿನ ಪದರ, ಪ್ಲಾಸ್ಟಿಕ್ ಸೀಲ್‌ವರೆಗೆ ಇಳಿದಿರುತ್ತದೆ. 60 ವ್ಯಾಟ್‌ಗೆ ಅಗಲ ಮೊನೆ ಹಾಕಿದರೆ ಒಂದೆರಡು ಸೆಕೆಂಡಿನ ಕೆಲಸ. ಹೆಚ್ಚು ಬಿಸಿ, ಕಡಿಮೆ ಹೊತ್ತು, ಅಷ್ಟೇ.

ನಾನು ಮೊದಲು ಸ್ಯಾಂಡ್ ಪೇಪರಲ್ಲಿ ಜಾಗ ಉಜ್ಜುತ್ತೇನೆ, ಸೋಲ್ಡರ್ ಚೆನ್ನಾಗಿ ಹಿಡಿಯಲೆಂದು ರೋಸಿನ್ ಫ್ಲಕ್ಸ್ (ಒಂಥರಾ ರಾಳ) ಹಚ್ಚಿ ಅಲ್ಲೂ ವೈರ್ ತುದಿಗೂ ಬೇರೆ ಬೇರೆಯಾಗಿ ಸೋಲ್ಡರ್ ಏರಿಸಿ, ಸೆಲ್ ತಣ್ಣಗಾದ ಮೇಲೆ ಎರಡನ್ನೂ ಕೂಡಿಸಿ ಒಮ್ಮೆ ಮುಟ್ಟಿಸುತ್ತೇನೆ. ಹಿಡಿಯಲಿಲ್ಲವಾ, ಬಿಟ್ಟುಬಿಡಿ, ಆರಿದ ಮೇಲೆ ಮತ್ತೆ ನೋಡಿ. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಸೀಸವಿಲ್ಲದ್ದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು.

ಇದೆಲ್ಲ ನಿಕಲ್ ಸೆಲ್‌ಗೆ ಮಾತ್ರ. 18650 (ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ಬರುತ್ತಿದ್ದ ಉರುಟು ಸೆಲ್) ಥರದ ಲಿಥಿಯಂ ಸೆಲ್‌ನ ಮೈಗೆ ನಾನಂತೂ ಐರನ್ ಮುಟ್ಟಿಸಲ್ಲ. ಒಳಗಿನ ಪ್ಲಾಸ್ಟಿಕ್ ಪದರ ಸುಮಾರು 130 ಡಿಗ್ರಿಗೇ ಕರಗುತ್ತದೆ, ಪ್ಲಸ್ ಕಡೆ ಸುರಕ್ಷತೆಯ ಭಾಗಗಳೂ ಇರುತ್ತವೆ. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ (ಕ್ಷಣದ ಕರೆಂಟಿನಿಂದ ಚುಕ್ಕಿ ಚುಕ್ಕಿಯಾಗಿ ಬೆಸೆಯುವುದು) ಮಾಡಿದ ಸೆಲ್ಲನ್ನೇ ತಗೊಳ್ಳಿ, ಪಟ್ಟಿಯ ದೂರದ ತುದಿಗೆ ವೈರ್ ಹಾಕಿ. ನಾಲ್ಕು ಕಾಸು ಜಾಸ್ತಿ ಆಗುತ್ತದೆ, ಆಗಲಿ. ಹಳೆ ವೈರ್ ಕತ್ತರಿಸುವಾಗ ಪ್ಲಸ್, ಮೈನಸ್ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ, ಕಟ್ಟರೇ ಶಾರ್ಟ್ ಮಾಡುತ್ತದೆ. ನನ್ನ ಕಟ್ಟರ್‌ನ ಬಾಯಲ್ಲಿ ಇನ್ನೂ ಆ ಗುಳಿ ಇದೆ!

ಇನ್ನು ಐರನ್‌ನ ದೂರು. ತಿರುಗಣೆ ಮೇಲಿನ ಅಂಕಿಗಳನ್ನು ನಂಬಬೇಡಿ, ಬರೀ ಅಂದಾಜು. ಜೊತೆಗೆ ಬಂದ ಸ್ಟ್ಯಾಂಡ್ ತಗಡಿನ ಚೂರು, ಎರಡು ಸಲ ಉರುಳಿ ಟೇಬಲ್ ಸುಟ್ಟಿತು. ವೈರ್ ಬಿರುಸು. ಮೊದಲ ಮೊನೆ ಒಂದು ವರ್ಷಕ್ಕೆ ಕಪ್ಪಾಗಿ ಹೋಯಿತು, ತಪ್ಪು ನನ್ನದೇ, ಕೆಲಸ ಮುಗಿದ ಮೇಲೆ ಸೋಲ್ಡರ್ ಸವರಿ ಇಡುತ್ತಿರಲಿಲ್ಲ. ಬಿಸಿ ಕೊಡುವ ಕಾಯಿಲ್ ಮಾತ್ರ ಇನ್ನೂ ಗಟ್ಟಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಳೇ 25 ವ್ಯಾಟ್‌ನದನ್ನು ಎಸೆದಿಲ್ಲ, ಎಫ್‌ಎಂ ರೇಡಿಯೋ ರಿಪೇರಿಗೆ ಈಗಲೂ ಅದೇ.