ಅಂಬಾಸಿಡರ್ ಒಳಗಿನ ಸ್ಕ್ರೂಗಳು: ಮೂರು ಮಳೆಗಾಲ ಕಳೆದ ಮೇಲೆ

ಅಪ್ಪನ 1982ರ ಅಂಬಾಸಿಡರ್ ಈಗಲೂ ನಮ್ಮ ಮಂಗಳೂರಿನ ಮನೆಯಲ್ಲೇ ಇದೆ. ಮೂರು ವರ್ಷದ ಹಿಂದೆ ಅದರ ಒಳಗಿನ ಕೆಲಸ ಪೂರ್ತಿ ಹೊಸದಾಗಿ ಮಾಡಿಸಿದೆ. ರೆಕ್ಸಿನ್, ಕಾರ್ಪೆಟ್, ಡೋರ್ ಪ್ಯಾಡ್ ಎಲ್ಲ ಸಿಕ್ಕಿತು. ಕೆಲಸ ನಿಂತಿದ್ದು ಸಣ್ಣ ಸ್ಕ್ರೂಗಳಿಗೆ. ಹಳೆಯವು ಬಿಚ್ಚುವಾಗಲೇ ತುಕ್ಕಿಗೆ ತಲೆ ಮುರಿದುಕೊಂಡವು. ಆಗ ಆನ್‌ಲೈನ್‌ನಲ್ಲಿ ಈ 300 ಸ್ಕ್ರೂಗಳ ಸ್ಟೇನ್‌ಲೆಸ್ ಡಬ್ಬಿ ತರಿಸಿದೆ. 850 ರೂಪಾಯಿ ಆಯಿತು.

ಡಬ್ಬಿಯಲ್ಲಿ 6, 8, 10 ನಂಬರಿನ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತಾನೇ ದಾರಿ ಕೊರೆದುಕೊಂಡು ಹೋಗುವಂಥದ್ದು), ಕಪ್ ವಾಷರ್ (ಸ್ಕ್ರೂ ತಲೆ ಕೂರುವ ಸಣ್ಣ ಬಟ್ಟಲು), ಜೊತೆಗೆ ಮಿಲಿಮೀಟರ್ ಲೆಕ್ಕದ ಎಂ4, ಎಂ5 ಮೆಷಿನ್ ಸ್ಕ್ರೂಗಳು (ಮೊದಲೇ ಥ್ರೆಡ್, ಅಂದರೆ ಸುರುಳಿ ಗೆರೆ, ಇರುವ ತೂತಿಗೆ ಹಾಕುವಂಥವು) ಇದ್ದವು. ಡೋರ್ ಪ್ಯಾಡಿಗೆ ಹಾಕಿದ 6 ಮತ್ತು 8 ನಂಬರಿನವು ತುಂಬಾ ಚೆನ್ನಾಗಿವೆ. ತಲೆ ಸ್ವಲ್ಪ ಉಬ್ಬಿದೆ, ಕೆಳಗೆ ಇಳಿಜಾರಾಗಿದೆ. ಹಾಗಾಗಿ ಕಪ್ ವಾಷರ್‌ನಲ್ಲಿ ಅಚ್ಚು ಹಾಕಿದಂತೆ ಕೂರುತ್ತದೆ, ರೆಕ್ಸಿನ್ ಹರಿಯುವುದಿಲ್ಲ. ಹಳೇ ಕಾರಿನ ಒಳಗೆ ಆ ಹೊಳೆಯುವ ಬಟ್ಟಲು ಕಂಡರೇ ಚಂದ, ಅಲ್ವಾ?

ಉದ್ದ ಮಾತ್ರ ನೋಡಿಕೊಳ್ಳಿ. ಮುಕ್ಕಾಲಿಂಚಿನದು ಒಂದನ್ನು ಬಾಗಿಲಿಗೆ ಹಾಕಿದೆ. ಗ್ಲಾಸ್ ಇಳಿಸಿದಾಗ ಅದರ ಮೊನೆ ತಾಗಿ ಗೆರೆ ಬಿತ್ತು. ಅರ್ಧ ಇಂಚು ಸಾಕಿತ್ತು.

ನಿಜವಾದ ತೊಂದರೆ ಬಂದದ್ದು ಎಂ5ನಿಂದ. ಡಬ್ಬಿಯ ಮೇಲೆ ‘ಎಲ್ಲ ಹಳೇ ಕಾರುಗಳಿಗೆ’ ಅಂತ ಬರೆದಿದೆ. ಅದು ತಪ್ಪು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಆ ಕಾಲದ ಇಂಗ್ಲಿಷ್ ಕಾರುಗಳದ್ದು ಇಂಚಿನ ಲೆಕ್ಕದ ಯುಎನ್‌ಎಫ್ ಥ್ರೆಡ್. ನನ್ನ ಕಾರಿನ ಡ್ಯಾಶ್‌ಬೋರ್ಡ್ ಕೆಳಗಿನ ಬ್ರಾಕೆಟ್‌ನಲ್ಲಿ ಇದ್ದದ್ದು 10-32, ಅಂದರೆ 10 ನಂಬರಿನ ದಪ್ಪ, ಇಂಚಿಗೆ 32 ಸುತ್ತು. ಅದರ ದಪ್ಪ 4.83 ಮಿ.ಮೀ., ಎಂ5ದು 5 ಮಿ.ಮೀ. ಥ್ರೆಡ್‌ನ ಅಂತರ ಒಂದರದ್ದು 0.794, ಇನ್ನೊಂದರದ್ದು 0.8. ಕಣ್ಣಿಗೆ ಎರಡೂ ಒಂದೇ. ಎಂ5 ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಾಯಿತು. ತುಕ್ಕು ಇರಬೇಕು ಅಂತ ಒತ್ತಿ ತಿರುಗಿಸಿದೆ. ಥ್ರೆಡ್ ಹೋಯಿತು. 40 ವರ್ಷ ಸರಿಯಾಗಿದ್ದ ತೂತನ್ನು ನಾನೇ ಕೆಡಿಸಿದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಅಲ್ಲಿ ಎಂ5 ಟ್ಯಾಪ್ ಹೊಡೆಸಿ ಹೊಸ ಥ್ರೆಡ್ ಕೊರೆಸಬೇಕಾಯಿತು.

ಆಮೇಲೆ ಥ್ರೆಡ್‌ನ ಅಂತರ ಅಳೆಯುವ ಒಂದು ಥ್ರೆಡ್ ಗೇಜ್ ತಗೊಂಡೆ. ಇಂಚು, ಮಿಲಿಮೀಟರ್ ಎರಡೂ ಇರುವಂಥದ್ದು. ಉಳಿದ ಹಳೇ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದೆ. ಮೂರನೇ ಅಂಗಡಿಯಲ್ಲಿ 10-32 ಸಿಕ್ಕಿತು. ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡ ಗೆಳೆಯರಿಗೆ ಈ ಕಷ್ಟ ಕಡಿಮೆ. ಅದರ ಮೂಲ ಇಟಲಿಯ ಫಿಯಟ್ 1100 ಆದ್ದರಿಂದ ಮಿಲಿಮೀಟರ್ ಲೆಕ್ಕದ ಸ್ಕ್ರೂಗಳೇ ಅಲ್ಲಿ ಹೊಂದುತ್ತವೆ.

ಇನ್ನು ತುಕ್ಕಿನ ವಿಷಯ. ಬಾಗಿಲುಗಳಲ್ಲಿ ಮೂರು ಮಳೆಗಾಲ ಕಳೆದರೂ ಹೊಳಪು ಹಾಗೇ ಇದೆ. ಆದರೆ ಸುಮಾರು 20 ಸ್ಕ್ರೂಗಳು ಮೊದಲ ವರ್ಷವೇ ಕೆಂಪಾದವು. ಅವು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತಿದ್ದವು. ಒಳ್ಳೆಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಷ್ಟು ಜೋರಾಗಿ ಅಂಟುವುದಿಲ್ಲ. ಈಗ ಹಾಕುವ ಮೊದಲು ಒಂದೊಂದನ್ನೂ ಪರೀಕ್ಷೆ ಮಾಡುತ್ತೇನೆ.

ಬಾಗಿಲ ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿಯಲ್ಲಿ ಇನ್ನೊಂದು ಪಾಠವಾಯಿತು. ಎರಡನೇ ಮಳೆಗಾಲದ ಹೊತ್ತಿಗೆ ಸ್ಕ್ರೂ ಸುತ್ತ ಬಿಳಿ ಪುಡಿ ಎದ್ದಿತ್ತು. ಉಪ್ಪುಗಾಳಿ, ತೇವ ಇದ್ದಲ್ಲಿ ಸ್ಟೇನ್‌ಲೆಸ್ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಬಿಚ್ಚಿ, ಉಜ್ಜಿ, ನೈಲಾನ್ ವಾಷರ್ ಹಾಕಿ, ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಸವರಿದೆ. ಈ ಮಳೆಗಾಲದಲ್ಲಿ ಪುಡಿ ಕಾಣಲಿಲ್ಲ.

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಸೆಲ್ಫ್ ಟ್ಯಾಪಿಂಗ್ ಮತ್ತು ಕಪ್ ವಾಷರ್‌ಗಾಗಿ ತಗೊಳ್ಳಿ. ಅಂಬಾಸಿಡರ್ ಇದ್ದವರು ಎಂ5 ಇರುವ ಖಾನೆಗೆ ಟೇಪ್ ಅಂಟಿಸಿಬಿಡಿ.